ಕೊಡೆ ನಮಗೆ, ಬುಡ ಭೂಮಿಗೆ

ಲೋಮಾ ಎಸ್ಪೆಸಾ, ಫುಟ್ರೋನೋ
20 ಏಪ್ರಿಲ್ 2006

ಅಮಾದೋರ್,

ಈ ಕಾಗದವನ್ನು ಹರಿದು ಎಸೆಯಬೇಕು ಅನ್ನಿಸಿದರೆ ಎಸೆ, ಆದರೆ ಓದಿ ಎಸೆ. ವಾಲ್ಡಿವಿಯಾ ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು "ಮನೆಗೆ ಹೋಗಮ್ಮ, ನಿನ್ನ ಮುಖ ನೋಡೋಕಾಗ್ತಿಲ್ಲ ನಂಗೆ" ಎಂದಾಗ ನಾನು ಮರುಮಾತಾಡದೆ ಬಸ್ಸು ಹತ್ತಿದೆ. ಹಾಗೆ ಬಾಯಿ ಮುಚ್ಚಿಕೊಂಡು ಹೊರಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ನಿನ್ನ ಹೆಂಡತಿಯನ್ನು ವಿಮಾನದಲ್ಲಿ ಸಾಂತಿಯಾಗೋಕ್ಕೆ ಸಾಗಿಸಿದ ಸುದ್ದಿ ನನಗೆ ಹೆರ್ಮಿಂದಾಳಿಂದ ತಿಳಿಯಿತು. ನೀನು ಅವಳ ಅಂಗಡಿಗೆ ಫೋನು ಮಾಡಿದ್ದೆಯಂತೆ. ಊರಿಗೆ ಇರುವುದು ಅದೊಂದೇ ಫೋನು. ಅದರಲ್ಲಿ ಹೇಳಿದ್ದು ನನ್ನ ಕಿವಿಗೆ ಬೀಳುವ ಮೊದಲು ಬೀದಿ ನಾಯಿಗಳಿಗೂ ಗೊತ್ತಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹೆರ್ಮಿಂದಾ ಬೇಲಿಯ ಆಚೆಯೇ ನಿಂತು ಕೂಗಿದಳು: "ನೋಯೆಲಿಯಾ ಲಿವರ್ ಕೆಟ್ಟೇಹೋಗಿದೆಯಂತೆ ಎಡುವಿನಾ! ಯಾವುದೋ ಮೆಷಿನ್ನಿಗೆ ಕಟ್ಟಿದಾರಂತೆ. ಸತ್ತವರ್ಯಾರದಾದ್ರೂ ಲಿವರ್ ಸಿಗೋವರೆಗೂ ಅವಳ ಜೀವ ಅದರ ಕೈಲಿ." ಮೂವತ್ತು ವರ್ಷ ನನ್ನ ಒಲೆಯ ಪಕ್ಕ ಕೂತು, ನನ್ನ ಜೊತೆ ಒಂದೇ ಕೊಳವೆಯಿಂದ ಮಾಟೆ ಚಹಾ ಹೀರಿದ ಹೆಂಗಸು ಬೇಲಿ ದಾಟಲಿಲ್ಲ.

ನಿನ್ನೆ ಪೊಲೀಸರು ಬಂದಿದ್ದರು. ಮಾಟೆ ಕಾಸಿ ಮುಂದಿಟ್ಟೆ. ಸಾರ್ಜೆಂಟು ಮುಟ್ಟಲಿಲ್ಲ. "ಈಗಷ್ಟೇ ಕುಡಿದು ಬಂದೆ, ಅಮ್ಮಾ" ಎಂದ. ಬೆಳಗ್ಗೆ ಏಳಕ್ಕೆ ಎಲ್ಲಿ ಕುಡಿದು ಬಂದನೋ. ಆಮೇಲೆ ಕೇಳಿದ:

"ಶುಭ ಶುಕ್ರವಾರ ಅಣಬೆ ತುಂಬಿ ಎಂಪನಾದಾ ಕಡುಬು ಕರಿದದ್ದು ನೀವೇನಾ?"

"ನಾನೇ. ಅವತ್ತು ಮಾಂಸ ತಿನ್ನೋ ಹಾಗಿಲ್ಲವಲ್ಲ."

"ನೀವು ಯಾಕೆ ತಿನ್ನಲಿಲ್ಲ?"

"ಅವತ್ತು ನಂಗೆ ಉಪವಾಸ."

"ಮಗ?"

"ಅವನಿಗೆ ಹುಟ್ಟಿದಾಗಿಂದ ಅಣಬೆ ಸೇರಲ್ಲ. ಮೀನು ಹುರಿದಿದ್ದೆ."

"ಅಂದ್ರೆ ತಿಂದದ್ದು ಸೊಸೆ ಒಬ್ಬಳೇ" ಎಂದು ಬರೆದುಕೊಂಡ. ಅವನು ಬರೆದುಕೊಂಡ ರೀತಿ ನೋಡಿ ನನಗೂ ಒಂದು ಕ್ಷಣ ನಾನು ಕೊಲೆಗಾತಿಯೇ ಇರಬೇಕು ಅನ್ನಿಸಿತು.

ನೋಯೆಲಿಯಾಳ ಮೇಲೆ ನನಗೆ ಪ್ರೀತಿ ಉಕ್ಕಿ ಹರಿಯುತ್ತಿರಲಿಲ್ಲ, ನಿಜ. ಮರಳುಗಾಡಿನ ಇಕೀಕೆಯಿಂದ ಬಂದವಳು, ನನ್ನ ಸೌದೆ ಒಲೆ ಕಂಡರೆ ಕೆಮ್ಮುವವಳು, ಈ ಮನೆಗೆ ಹೊಂದುವವಳಲ್ಲ ಎಂದು ಹೆರ್ಮಿಂದಾಳ ಹತ್ತಿರ ನೂರು ಸಲ ಆಡಿಕೊಂಡಿದ್ದೇನೆ. ಆಡಿದ ಮಾತೆಲ್ಲ ಈಗ ತಿರುಗಿ ನನ್ನ ಕೊರಳಿಗೇ ಬಿದ್ದಿದೆ. ಆದರೂ ಕೇಳು. ಇಷ್ಟವಿಲ್ಲದವರ ಸಾರಿಗೆ ನಾನು ಉಪ್ಪು ಕಡಿಮೆ ಹಾಕಿಯೇನು. ಅದಕ್ಕಿಂತ ದೊಡ್ಡ ಪಾಪ ನನ್ನ ಕೈಯಲ್ಲಿ ಆಗುವಂಥದ್ದಲ್ಲ. ನಮ್ಮ ಕೊಯಿಗ್ವೆ ಮರಗಳ ಕಾಡಿನಲ್ಲಿ ಕೊಲ್ಲುವ ಅಣಬೆ ಇಲ್ಲ. ಬುದ್ಧಿ ಬಂದಾಗಿನಿಂದ ಆಯ್ದು ತಿಂದಿದ್ದೇನೆ, ನಿನ್ನ ಅಪ್ಪನಿಗೂ ಬಡಿಸಿದ್ದೇನೆ. ಅವಳಿಗೆ ಏನಾಯಿತೆಂದು ನನಗೆ ತಿಳಿಯುತ್ತಿಲ್ಲ.

ಅವಳು ಉಸಿರಾಡುತ್ತಿದ್ದಾಳಾ ಎಂದು ಒಂದು ಸಾಲು ಬರೆ. ಬೈಯುವುದಿದ್ದರೆ ಎರಡನೆಯ ಸಾಲಿನಲ್ಲಿ ಬೈ.

ನಿನ್ನನ್ನು ಹೆತ್ತವಳು,
ಎಡುವಿನಾ


ಲೋಮಾ ಎಸ್ಪೆಸಾ
22 ಏಪ್ರಿಲ್ 2006

ಅಮಾದೋರ್,

ನಿನ್ನ ಉತ್ತರಕ್ಕೆ ಕಾಯದೆ ಇನ್ನೊಂದು ಬರೆಯುತ್ತಿದ್ದೇನೆ. ಇದರ ಜೊತೆ ಸಾಂತಿಯಾಗೋ ಬಸ್ಸಿನ ಡ್ರೈವರ್ ನಿನಗೊಂದು ಡಬ್ಬಿ ಕೊಡುತ್ತಾನೆ. ಅದನ್ನು ನೇರವಾಗಿ ಡಾಕ್ಟರ ಕೈಗೆ ಕೊಡು. ಮೇಲೆ ದೊಡ್ಡದಾಗಿ "ತಿನ್ನಬಾರದು" ಎಂದು ಬರೆದಿದ್ದೇನೆ. ನಾನು ಕಳಿಸಿದ್ದನ್ನು ಈಗ ಯಾರೂ ತಿನ್ನುವುದಿಲ್ಲ ಬಿಡು, ಆದರೂ ಬರೆದೆ.

ಅದು ಯಾವ ಅಣಬೆ ಎಂದು ಆಸ್ಪತ್ರೆಯವರು ಕೇಳುತ್ತಿದ್ದಾರೆಂದು ಸಾರ್ಜೆಂಟು ಹೇಳಿದ್ದ. ನಿನ್ನೆ ಬೆಳಕು ಹರಿಯುತ್ತಲೇ ನಾನು ಆಯ್ದ ದಾರಿಯನ್ನೇ ಹಿಡಿದು ಹೋದೆ. ಈ ವರ್ಷ ಮಳೆ ತಡವಾಗಿ, ಕಾಡಿನ ಒಳಗೆ ಅಣಬೆ ಸರಿಯಾಗಿ ಎದ್ದಿರಲಿಲ್ಲ. ಶುಭ ಶುಕ್ರವಾರದ ಹಿಂದಿನ ದಿನ ನಾನು ಜರ್ಮನರ ಹಳೆಯ ಎಸ್ಟೇಟಿನ ಬೇಲಿಯವರೆಗೂ ಹೋಗಿದ್ದೆ. ಅಲ್ಲಿ ಬೇಲಿಯ ನಮ್ಮ ಕಡೆಗೆ, ಕೊಯಿಗ್ವೆ ಎಲೆಗಳ ನಡುವೆ ಎಳೆಯ ಬಿಳಿ ಅಣಬೆಗಳು ಸಿಕ್ಕವು. ಕೊಯ್ದುಕೊಂಡು ಬಂದೆ.

ಕೊಯ್ದೆ ಎಂದೆ ನೋಡು, ತಪ್ಪು ನಡೆದದ್ದು ಅಲ್ಲೇ. ಅಣಬೆಯನ್ನು ಕೀಳಬಾರದು, ಚಾಕುವಿನಿಂದ ಮಣ್ಣಿನ ಮೇಲೆ ಕೊಯ್ಯಬೇಕು ಎಂದು ನನಗೆ ಅಮ್ಮ ಕಲಿಸಿದ್ದು, ಅವಳಿಗೆ ಅವಳಮ್ಮ ಕಲಿಸಿದ್ದು. "ಕೊಡೆ ನಮಗೆ, ಬುಡ ಭೂಮಿಗೆ" ಎನ್ನುತ್ತಿದ್ದಳು. ಬುಡ ಕಿತ್ತವರಿಗೆ ಮುಂದಿನ ವರ್ಷ ಕಾಡು ಕೊಡುವುದಿಲ್ಲ. ಇಲ್ಲಿ ಯಾರೂ ಕೀಳುವುದಿಲ್ಲ, ಸಣ್ಣ ಮಕ್ಕಳೂ ಕೀಳುವುದಿಲ್ಲ. ನಾನು ಬಿಟ್ಟುಬಂದ ಬುಡಗಳು ಅಲ್ಲೇ ಇದ್ದವು. ಮೊಣಕಾಲೂರಿ ಮಣ್ಣು ಬಿಡಿಸಿ ನೋಡಿದರೆ, ಒಂದೊಂದು ಬುಡವೂ ಒಂದು ಬಿಳಿ ಚೀಲದೊಳಗೆ ಕೂತಿತ್ತು. ನಮ್ಮ ಯಾವ ಅಣಬೆಗೂ ಅಂಥ ಚೀಲ ಇಲ್ಲ.

ತಲೆಯೆತ್ತಿ ನೋಡಿದೆ. ಬೇಲಿಯ ಆಚೆ ಜರ್ಮನರು ತಮ್ಮ ದೇಶದಿಂದ ತಂದು ನೆಟ್ಟ ದೊಡ್ಡ ಓಕ್ ಮರ. ಅದರ ಬೇರು ಬೇಲಿಯನ್ನು ಕೇಳದೆ ಈಚೆಗೆ ಬಂದಿದೆ. ಅದರ ಜೊತೆ ಅದರ ಊರಿನ ಅಣಬೆಯೂ ಬಂದಿದೆ. ಬುಡ ಸಮೇತ ಕಿತ್ತಿದ್ದರೆ ಆ ಚೀಲ ನನ್ನ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಆ ಬುಡಗಳನ್ನೇ ಚೀಲ ಸಮೇತ ಅಗೆದು, ಪಾಚಿಯಲ್ಲಿ ಸುತ್ತಿ ಆ ಡಬ್ಬಿಗೆ ಹಾಕಿದ್ದೇನೆ.

ಇನ್ನೊಂದು ಮಾತು, ಇದನ್ನು ಪೊಲೀಸರಿಗೆ ಹೇಳಲಿಲ್ಲ. ಆ ಶುಕ್ರವಾರ ನೋಯೆಲಿಯಾ ಕೆಮ್ಮುತ್ತಲೇ ಒಲೆಯ ಮುಂದೆ ಕೂತು ಆಲೂಗೆಡ್ಡೆ ಸುಲಿದಳು. ಒಂದು ಸಲವೂ ಗೊಣಗಲಿಲ್ಲ. ಎಲ್ಲಕ್ಕಿಂತ ಎಳೆಯ ಅಣಬೆಗಳನ್ನು ಬೇರೆ ತೆಗೆದು ಅವಳಿಗೆಂದೇ ತುಂಬಿದೆ. ಒಳ್ಳೆಯದನ್ನು ಕೊಡೋಣ ಎಂದು ಮೊದಲ ಸಲ ಮನಸ್ಸು ಮಾಡಿದೆ, ಅದೇ ಅವಳನ್ನು ಆ ಮೆಷಿನ್ನಿಗೆ ಕಟ್ಟಿತು.

ಅಮ್ಮ


ಸಾಂತಿಯಾಗೋ
27 ಏಪ್ರಿಲ್ 2006

ಅಮ್ಮಾ,

ನಿನ್ನ ಎರಡೂ ಕಾಗದ ಬಂದವು, ಡಬ್ಬಿಯೂ ಬಂತು. ಮೊದಲನೆಯದನ್ನು ಓದದೆ ಜೇಬಿನಲ್ಲಿಟ್ಟಿದ್ದೆ. ಡಬ್ಬಿ ಬಂದ ಮೇಲೆ ಎರಡನ್ನೂ ಓದಿದೆ.

ನೋಯೆಲಿಯಾ ಬದುಕಿದ್ದಾಳೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ತಲೆ ಓಡುತ್ತಿಲ್ಲ.

ನಾವು ಬಂದಾಗ ಅವಳ ಕಣ್ಣು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ "ಅಪ್ಪಾ" ಎಂದಳು. ಇಲ್ಲಿನ ಡಾಕ್ಟರಮ್ಮ, ಸೆಂತೇನೋ ಅಂತ ಹೆಸರು, ನನ್ನನ್ನು ಕೂರಿಸಿ ಹೇಳಿದರು: "ಲಿವರ್ ಮಾಡೋ ಕೆಲಸ ನಿಂತಿದೆ. ರಕ್ತದಲ್ಲಿ ಕೊಳೆ ತುಂಬಿಕೊಂಡು ತಲೆಗೆ ಹತ್ತಿದೆ. ಬೇರೆ ಲಿವರ್‌ಗೆ ಹೆಸರು ಬರೆಸಿದ್ದೀವಿ, ಇಡೀ ದೇಶದ ಪಟ್ಟಿಯಲ್ಲಿ ಅವಳೇ ಮೊದಲು. ಅದು ಸಿಗೋವರೆಗೆ ಕೃತಕ ಲಿವರ್ ಹಾಕ್ತೀವಿ. ಅದು ಗುಣ ಮಾಡಲ್ಲಪ್ಪ, ಸಮಯ ಕೊಡುತ್ತೆ ಅಷ್ಟೇ."

ಆ ಮೆಷಿನ್ ನೋಡೋಕೆ ಸಣ್ಣ ಬೀರುವಿನಷ್ಟು ದೊಡ್ಡದು. ಕೊರಳಿನಿಂದ ರಕ್ತ ಕೊಳವೆಯಲ್ಲಿ ಹೊರಗೆ ಬಂದು, ಒಂದು ಸೋಸುವ ನಳಿಗೆಯೊಳಗೆ ಹೋಗುತ್ತದೆ. ಅದರ ಇನ್ನೊಂದು ಮಗ್ಗುಲಿಗೆ ಅಲ್ಬುಮಿನ್ ಎಂಬ ಸತ್ವ ಕರಗಿಸಿದ ನೀರು ಹರಿಯುತ್ತಿರುತ್ತದೆ. ಕೊಳೆ ರಕ್ತವನ್ನು ಬಿಟ್ಟು ಆ ಸತ್ವಕ್ಕೆ ಅಂಟಿಕೊಳ್ಳುತ್ತದೆ. ಶುದ್ಧವಾದ ರಕ್ತ ಮತ್ತೆ ಅವಳ ಮೈಗೆ. ದಿನಾ ಗಂಟೆಗಟ್ಟಲೆ ಇದು ನಡೆಯಿತು. ನಾನು ಪಕ್ಕದಲ್ಲಿ ಕೂತು ಕೊಳವೆಯನ್ನೇ ನೋಡುತ್ತಿದ್ದೆ.

ಪಕ್ಕದ ಮಂಚದಲ್ಲಿ ಎಲೆಯುತೇರಿಯೋ ಅಂತ ಒಬ್ಬ ಮೀನುಗಾರ, ಕೊನ್ಸೆಪ್ಸಿಯೋನ್ ಕಡೆಯ ಬಂದರಿನವರು. ಎರಡು ತಿಂಗಳಿಂದ ಲಿವರ್‌ಗೆ ಕಾಯುತ್ತಿದ್ದಾರೆ. ಅವರಿಗೂ ಆಗಾಗ ಇದೇ ಮೆಷಿನ್ ಹಾಕುತ್ತಾರೆ. ಮೊದಲ ದಿನ ನಾನು ಅಳುತ್ತಿದ್ದಾಗ ಅವರೇ ಮಾತಾಡಿಸಿದರು. "ಹೆದರಬೇಡ ತಮ್ಮಾ. ಒಳ್ಳೇ ಮೆಷಿನ್ನು. ಇದಕ್ಕೆ ಹಾಕೋಕೆ ಮುಂಚೆ ನಂಗೆ ನನ್ನ ಹೆಂಡತಿ ಹೆಸರೇ ಮರೆತುಹೋಗಿರುತ್ತೆ. ತೆಗೆದ ಮೇಲೆ ನೆನಪಾಗುತ್ತೆ. ಅದೊಂದೇ ತೊಂದರೆ." ಅವರ ಹೆಂಡತಿ ಅಲ್ಲೇ ಕೂತು ನೂಲು ಹೆಣೆಯುತ್ತಿದ್ದರು. ಸೂಜಿಯಿಂದ ಅವರ ಕಾಲಿಗೆ ಚುಚ್ಚಿದರು.

ನಿನ್ನ ಡಬ್ಬಿ ನೋಡಿ ಡಾಕ್ಟರಮ್ಮ ಎದ್ದೇ ನಿಂತರು. "ಅನುಮಾನ ಇತ್ತು, ಈಗ ಖಾತ್ರಿಯಾಯ್ತು. ಈ ವಿಷ ಹೊಡೆಯೋದು ಒಂದೇ ಏಟು. ಅದನ್ನ ತಾಳಿಕೊಂಡ್ರೆ ಲಿವರ್ ತಾನಾಗೇ ಮತ್ತೆ ಚಿಗುರಬಹುದು. ಯಾರು ಅಗೆದು ಕಳಿಸಿದ್ದು?" ಎಂದರು. ನಮ್ಮಮ್ಮ ಎಂದೆ.

ಸೋಮವಾರ ಬೆಳಗ್ಗೆ ಲಿವರ್ ಸಿಕ್ಕಿತು. ದೂರದ ಊರಲ್ಲಿ ಯಾರೋ ತೀರಿಕೊಂಡಿದ್ದರು, ಮನೆಯವರು ಕೊಡಲು ಒಪ್ಪಿದ್ದರು. ನಾನು ಕುಣಿದಾಡುವುದೊಂದು ಬಾಕಿ. ಆದರೆ ಡಾಕ್ಟರಮ್ಮ ಹಣೆ ಉಜ್ಜುತ್ತ ಬಂದರು. ಅವತ್ತೇ ಮೊದಲ ಸಲ ನೋಯೆಲಿಯಾಳ ರಕ್ತ ತಾನಾಗಿ ಹೆಪ್ಪುಗಟ್ಟಲು ಶುರುಮಾಡಿತ್ತು, ಲಿವರ್ ಕೆಲಸ ಮಾಡಿದರೇ ಹಾಗೆ ಹೆಪ್ಪುಗಟ್ಟುವುದಂತೆ. ಅವಳದ್ದೇ ಲಿವರ್ ಕಣ್ಣು ಬಿಡುತ್ತಿರಬಹುದು ಎಂದರು.

"ಹಾಕಿಬಿಡಿ ಡಾಕ್ಟ್ರೇ. ಸಿಕ್ಕಿದೆಯಲ್ಲ" ಎಂದೆ.

"ಹಾಕಬೇಕಂದ್ರೆ ಅವಳದ್ದನ್ನ ತೆಗೀಬೇಕು. ತೆಗೆದದ್ದನ್ನ ವಾಪಸ್ ಇಡೋಕಾಗಲ್ಲ. ಆಮೇಲೆ ಜೀವಮಾನವಿಡೀ ಔಷಧಿ."

"ಬೇಡ ಅಂದು, ನಾಳೆ ಅವಳದ್ದು ಕೈಕೊಟ್ರೆ?"

"ಇನ್ನೊಂದು ಸಿಗುತ್ತೆ ಅಂತ ನಾನು ಹೇಳೋಕಾಗಲ್ಲ" ಎಂದರು. ನೆಟ್ಟಗೆ ಮುಖ ನೋಡಿಯೇ ಹೇಳಿದರು.

ಆಮೇಲೆ ಒಳಗೆ ಹೋಗಿ ಅವಳ ಭುಜ ತಟ್ಟಿ, "ನೋಯೆಲಿಯಾ, ಎಲ್ಲಿದ್ದೀಯ ಹೇಳು?" ಎಂದು ಕೇಳಿದರು. ಹಿಂದಿನ ದಿನ ಇದೇ ಪ್ರಶ್ನೆಗೆ ಅವಳು ಇಕೀಕೆ ಎಂದಿದ್ದಳು. ಈಗ ಒಂದು ಕಣ್ಣು ತೆರೆದು, "ಆಸ್ಪತ್ರೆ. ಇಲ್ಲಿನ ಗಂಜಿ ವಾಸನೆಗೇ ಗೊತ್ತಾಗ್ತಿದೆ" ಎಂದಳು. ಡಾಕ್ಟರಮ್ಮ ನಕ್ಕುಬಿಟ್ಟರು. ಉಳಿದ ಡಾಕ್ಟರುಗಳ ಜೊತೆ ಕೂತು ಮಾತಾಡಿ, ಕಾಯೋಣ ಎಂದು ತೀರ್ಮಾನ ಮಾಡಿದರು.

ಆ ಲಿವರ್ ಪಟ್ಟಿಯಲ್ಲಿ ಮುಂದಿನವರಿಗೆ ಹೋಯಿತು. ಮುಂದಿನವರು ಪಕ್ಕದ ಮಂಚದವರೇ. ಅವರನ್ನು ತಳ್ಳುಗಾಡಿಯಲ್ಲಿ ಕರೆದೊಯ್ಯುವಾಗ ನನ್ನ ಮುಂದೆ ನಿಲ್ಲಿಸಲು ಹೇಳಿ, "ನಿನ್ನ ಹೆಂಡತಿ ಬೇಡ ಅಂದದ್ದು ನಂಗೆ ಬಂತು ತಮ್ಮಾ. ನನ್ನ ಮದುವೆನೂ ಹೀಗೇ ಆಗಿದ್ದು" ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನರ್ಸು ಬಿಡಿಸಬೇಕಾಯಿತು.

ಅವತ್ತು ನಾನು ಕೂತ ಜಾಗದಿಂದ ಏಳಲಿಲ್ಲ. ಮರುದಿನದ ರಕ್ತ ಇನ್ನೂ ಸ್ವಲ್ಪ ಚೆನ್ನಾಗಿತ್ತು. ಅದರ ಮರುದಿನ ಇನ್ನೂ ಚೆನ್ನಾಗಿತ್ತು. ನಿನ್ನೆ ಮೆಷಿನ್ ತೆಗೆದರು. ಅವಳ ಹೆಸರನ್ನು ಪಟ್ಟಿಯಿಂದಲೂ ತೆಗೆದರು. ನನಗೆ ಅದರದೇ ಭಯ, ಅವರಿಗೆ ಅದರದೇ ಸಂತೋಷ.

ಮೆಟ್ಟಿಲ ಮೇಲೆ ಆಡಿದ ಮಾತಿನ ಬಗ್ಗೆ ಈಗ ಏನೂ ಬರೆಯಲಾರೆ ಅಮ್ಮಾ.

ಅಮಾದೋರ್


ಲೋಮಾ ಎಸ್ಪೆಸಾ
9 ಮೇ 2006

ನೋಯೆಲಿಯಾ,

ನಿನ್ನನ್ನು ಏನೆಂದು ಕರೆದು ಶುರು ಮಾಡಬೇಕೋ ತಿಳಿಯದೆ ಎರಡು ಹಾಳೆ ಕೆಡಿಸಿದೆ. ಮೂರನೆಯದರಲ್ಲಿ ಹೆಸರೇ ಸಾಕು ಎಂದುಕೊಂಡೆ. ನೀನು ಎದ್ದು ಕೂತೆ, ನಾಲ್ಕು ಹೆಜ್ಜೆ ನಡೆದೆ, ನರ್ಸಿನ ಜೊತೆ ಜಗಳವಾಡಿದೆ ಎಂದು ತಿಳಿಯಿತು. ಜಗಳದ ಸುದ್ದಿ ಕೇಳಿ ನನಗೆ ನಿದ್ದೆ ಬಂತು.

ಆ ಮೆಷಿನ್ನಿನ ಬಗ್ಗೆ ಅಮಾದೋರ್ ಬರೆದಿದ್ದ. ಅಲ್ಬುಮಿನ್ ಅಂದರೆ ಏನೆಂದು ಪಾದ್ರಿಗಳನ್ನು ಕೇಳಿದೆ. ಮೊಟ್ಟೆಯ ಬಿಳಿಯಲ್ಲೂ ಅಂಥದೇ ಸತ್ವ ಇದೆ ಎಂದರು. ಆಗ ನನಗೆ ಅರ್ಥವಾಯಿತು. ಸೇಬಿನ ಹೆಂಡ, ಚಿಚಾ, ಕದಡಿದ್ದರೆ ನಾವು ಮೊಟ್ಟೆಯ ಬಿಳಿ ಕಡೆದು ಹಾಕುತ್ತೇವೆ, ಬಗ್ಗಡವೆಲ್ಲ ಅದಕ್ಕಂಟಿ ತಳಕ್ಕಿಳಿಯುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ನಿನಗೂ ಹಾಗೇ ಮಾಡಿದ್ದಾರೆ ಎಂದುಕೊಂಡೆ. ನನ್ನ ಕೋಳಿಗಳು ಈಗಲೂ ಇಡುತ್ತವೆ, ಅವರಿಗೆ ಬೇಕಿದ್ದರೆ ಬುಟ್ಟಿಗಟ್ಟಲೆ ಕಳಿಸುತ್ತಿದ್ದೆ. ಆದರೆ ಲೋಮಾ ಎಸ್ಪೆಸಾದ ಎಡುವಿನಾ ಕಳಿಸಿದ ಮೊಟ್ಟೆ ಎಂದರೆ ಆಸ್ಪತ್ರೆಯವರೂ ಬಾಗಿಲು ಹಾಕಿಕೊಂಡಾರು.

ಇಲ್ಲಿ ನಾನು ಅಡುಗೆ ಬಿಟ್ಟಿದ್ದೇನೆ. ಒಬ್ಬಳಿಗೆ ಬೇಯಿಸಿದ ಆಲೂಗೆಡ್ಡೆ ಸಾಕು. ಹೆರ್ಮಿಂದಾಳ ಅಂಗಡಿಗೆ ವಾರಕ್ಕೆರಡು ಸಲ ನನ್ನ ಬ್ರೆಡ್ ಹೋಗುತ್ತಿತ್ತು. ಮಾರಾಟವಾಗದೆ ಬುಟ್ಟಿ ಹಾಗೇ ವಾಪಸ್ಸು ಬಂತು. ಸಂತ ಜಾನ್ ಹಬ್ಬದ ಊಟಕ್ಕೆ ಈ ಸಲ ನಾನು ಏನೂ ತರುವುದು ಬೇಡ, ದಣಿದಿದ್ದೀನಂತೆ, ವಿಶ್ರಾಂತಿ ತೆಗೆದುಕೊಳ್ಳಬೇಕಂತೆ. ಎಷ್ಟು ಮುದ್ದಾಗಿ ಹೇಳುತ್ತಾರೆ ನೋಡು. ಬೇಲಿಯ ಹತ್ತಿರದ ಅಣಬೆ ಮುಟ್ಟಬೇಡಿ, ಬುಡ ಕಿತ್ತು ನೋಡಿ ಎಂದು ಮನೆಮನೆಗೂ ಹೋಗಿ ಹೇಳಿದೆ. ತಲೆಯಾಡಿಸಿ ಬಾಗಿಲು ಹಾಕಿಕೊಂಡರು.

ಇದನ್ನೆಲ್ಲ ನಿನಗೆ ಕರುಣೆ ಬರಲಿ ಎಂದು ಬರೆಯುತ್ತಿಲ್ಲ. ಬೇರೆ ಯಾರಿಗೂ ಹೇಳಲು ಇಲ್ಲ, ಅದಕ್ಕೆ. ನೀನು ಉಳಿದೆಯಲ್ಲ, ನನಗಷ್ಟು ಸಾಕು. ನಿನ್ನ ಕ್ಷಮೆ ಕೇಳುವಷ್ಟು ದೊಡ್ಡ ಬಾಯಿ ನನಗಿಲ್ಲ.

ಎಡುವಿನಾ


ವಾಲ್ಡಿವಿಯಾ
19 ಜೂನ್ 2006

ಅತ್ತೆಗೆ,

ಬೆರಳು ನಡುಗುವುದು ನಿಂತ ಮೇಲೆ ಬರೆಯೋಣ ಎಂದು ಕಾದೆ. ಈಗ ನಿಂತಿದೆ, ಅಕ್ಷರ ಮಾತ್ರ ಮೊದಲೇ ಸೊಟ್ಟಗಿತ್ತು.

ನೇರವಾಗಿ ಹೇಳಿಬಿಡುತ್ತೇನೆ. ಊರಿನಲ್ಲಿ ಆಡುವ ಮಾತು ನನ್ನ ಕಿವಿಗೂ ಬಿತ್ತು. ನನ್ನ ತಂಗಿ ಇಕೀಕೆಯಿಂದ ಬಂದವಳು ಹಾಸಿಗೆಯ ಪಕ್ಕ ಕೂತು ಕೇಳಿದಳು: "ಅಕ್ಕಾ, ಆಯಮ್ಮ ತಾನು ತಿನ್ಲಿಲ್ಲ, ಮಗನಿಗೆ ಕೊಡ್ಲಿಲ್ಲ, ನಿಂಗೊಬ್ಬಳಿಗೇ ಕೊಟ್ರು. ನಿಂಗೆ ಏನೂ ಅನ್ಸಲ್ವಾ?" ಅನ್ನಿಸಿತು ಅತ್ತೆ. ಒಂದು ಇಡೀ ಮಧ್ಯಾಹ್ನ ನಾನು ಅದನ್ನು ನಂಬಿದೆ. ನಿಮ್ಮನ್ನು ಮನಸಾರೆ ದ್ವೇಷಿಸಿದೆ. ಸಂಜೆ ಅಮಾದೋರ್ ನಿಮ್ಮ ಕಾಗದಗಳನ್ನು ಓದಿ ಹೇಳಿದರು. ಕೊಲ್ಲಬೇಕೆಂದು ಹೊರಟವರು ಮೊಣಕಾಲೂರಿ ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಅಗೆದು, ಪಾಚಿಯಲ್ಲಿ ಸುತ್ತಿ, ಬಸ್ಸಿಗೆ ಹಾಕಿ ಕಳಿಸುತ್ತಾರೆಯೇ? ನನ್ನ ತಂಗಿಯನ್ನು ಕೇಳಿದೆ. ಅವಳು ಮೂಗು ಮುರಿದಳು.

ನೀವು ನಿಮ್ಮ ಗುಟ್ಟು ಹೇಳಿದಿರಿ, ನನ್ನದೂ ಒಂದಿದೆ. ನನಗೆ ಅಣಬೆ ಎಂದರೆ ಆಗದು. ನಿಮ್ಮ ಮಗನಿಗಿಂತ ಹೆಚ್ಚು ಆಗದು. ಆದರೆ ಮದುವೆಯಾಗಿ ಮೂರು ವರ್ಷದಲ್ಲಿ ಅವತ್ತೇ ಮೊದಲ ಸಲ ನೀವು ನಿಮ್ಮ ಕೈಯಾರೆ ನನ್ನ ತಟ್ಟೆಗೆ ಬಡಿಸಿ, "ತಿನ್ನು, ಇವು ಎಳೇವು" ಎಂದಿರಿ. ಒಂದು ತಿಂದೆ. ನೀವು ನೋಡುತ್ತಿದ್ದಿರಿ, ಇನ್ನೊಂದು ತಿಂದೆ. ಕೊನೆಗೆ ನಾಲ್ಕು ತಿಂದೆ. ಒಂದಕ್ಕೇ ನಿಲ್ಲಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಸಲು ಹೋಗಿ ಒಬ್ಬರನ್ನೊಬ್ಬರು ಕೊಲ್ಲುವುದರಲ್ಲಿದ್ದೆವು.

ಮೆಷಿನ್ನಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಒಂದು ಗುಂಯ್ ಸದ್ದು ನೆನಪಿದೆ. ಮತ್ತೆ ಎಲ್ಲವೂ ಮಂಜಾಗಿದ್ದು, ಸ್ವಲ್ಪ ಸ್ವಲ್ಪವೇ ಮಾತುಗಳು ವಾಪಸ್ಸು ಬಂದದ್ದು. ಎಲ್ಲಕ್ಕಿಂತ ಮೊದಲು "ನೀರು" ಎಂಬ ಮಾತು ಬಂತು. ಆಮೇಲೆ ಗಂಡನ ಹೆಸರು.

ಕೆಲವೊಮ್ಮೆ ನನಗೆ ಬರಬೇಕಿದ್ದ ಆ ಲಿವರಿನ ಯೋಚನೆ ಬರುತ್ತದೆ. ಎಲ್ಲೋ ಒಂದು ಮನೆಯವರು ಅಳುತ್ತಲೇ ನನಗೆಂದು ಕೊಟ್ಟದ್ದು. ಅವರು ಯಾರೆಂದು ನಮಗೆ ಹೇಳುವುದಿಲ್ಲ. ಅವರಿಗಾಗಿ ಭಾನುವಾರ ಒಂದು ದೀಪ ಹಚ್ಚುತ್ತೇನೆ.

ನೋಯೆಲಿಯಾ


ಲೋಮಾ ಎಸ್ಪೆಸಾ
11 ಜುಲೈ 2006

ನೋಯೆಲಿಯಾ, ಮಗಳೇ,

ನಾಲ್ಕು ತಿಂದೆಯಾ! ಹುಚ್ಚಿ. ಸೇರದಿದ್ದರೆ ಸೇರಲ್ಲ ಎಂದು ಹೇಳಲು ಬಾಯಿರಲಿಲ್ಲವೇ? ಈ ಮಾತನ್ನು ಬರೆದ ಮೇಲೆ ನನಗೇ ಹೊಳೆಯಿತು. ನೀನು ಹೇಗೆ ತಾನೇ ಹೇಳುತ್ತಿದ್ದೆ? ನನ್ನಂಥ ಅತ್ತೆಗೆ ಯಾರು ಹೇಳುತ್ತಾರೆ?

ನೀನು ನನ್ನನ್ನು ದ್ವೇಷಿಸಿದೆ ಎಂದು ಬರೆದದ್ದಕ್ಕೆ ಬೇಜಾರಿಲ್ಲ. ಇಲ್ಲ ಎಂದಿದ್ದರೆ ನಂಬುತ್ತಿರಲಿಲ್ಲ.

ಇಲ್ಲಿ ಚಳಿ ಮೂಳೆ ಕೊರೆಯುತ್ತಿದೆ. ಬಾ ಎನ್ನುವ ಧೈರ್ಯ ನನಗಿಲ್ಲ. ಬಂದರೂ ನಾನು ನಿನಗೆ ಅಡುಗೆ ಮಾಡಿ ಹಾಕುವವಳಲ್ಲ, ಅದನ್ನು ಈಗಲೇ ಹೇಳಿರುತ್ತೇನೆ. ಹೆರ್ಮಿಂದಾಳ ಅಂಗಡಿಯ ಬಿಸ್ಕತ್ತು ತರಿಸುತ್ತೇನೆ, ಮುಚ್ಚಿದ ಪೊಟ್ಟಣದ್ದು. ನೀನೇ ಒಡೆದುಕೋ.

ಎಡುವಿನಾ


ವಾಲ್ಡಿವಿಯಾ
4 ಸೆಪ್ಟೆಂಬರ್ 2006

ಅತ್ತೆಗೆ,

ಸಾಂತಿಯಾಗೋಗೆ ತಪಾಸಣೆಗೆ ಹೋಗಿದ್ದಾಗ ಡಾಕ್ಟರಮ್ಮ ಕೊನೆಯ ರಕ್ತಪರೀಕ್ಷೆ ನೋಡಿ, "ನಿನ್ನ ಲಿವರ್ ನನ್ನ ಲಿವರ್‌ಗಿಂತ ಚೆನ್ನಾಗಿದೆ, ಇನ್ನು ಈ ಕಡೆ ತಲೆ ಹಾಕ್ಬೇಡ" ಎಂದರು. ಎಲೆಯುತೇರಿಯೋ ಅವರು ಅಲ್ಲೇ ಸಿಕ್ಕಿದ್ದರು, ಅವರೂ ತಪಾಸಣೆಗೆ ಬಂದಿದ್ದರು. ಮೈ ತುಂಬಿಕೊಂಡಿದ್ದಾರೆ. ದೋಣಿಗೆ ಹೋಗಲು ಹೆಂಡತಿ ಬಿಡುತ್ತಿಲ್ಲವಂತೆ. "ನೀನು ನಂಗೆ ಲಿವರ್ ಬಿಟ್ಟುಕೊಟ್ಟೆ, ಇವಳು ನಂಗೆ ಒಂದು ಹುಟ್ಟನ್ನೂ ಬಿಟ್ಟುಕೊಡ್ತಿಲ್ಲ" ಎಂದು ದೂರು ಹೇಳಿದರು. ನಾನು ಬಿಟ್ಟುಕೊಟ್ಟದ್ದೇನಿಲ್ಲ, ಡಾಕ್ಟರಮ್ಮನ ಧೈರ್ಯ ಅದು ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಈಗ ಬಿಸ್ಕತ್ತಿನ ವಿಷಯ. ನಿಮ್ಮ ಕಾಗದ ಓದಿ ನನಗೆ ಸಿಟ್ಟು ಬಂತು. ಅದು ಇಳಿಯಲಿ ಎಂದೇ ಇಷ್ಟು ದಿನ ಬರೆಯಲಿಲ್ಲ, ಇಳಿಯಲಿಲ್ಲ. ನಾನು ಬಂದಾಗ ನೀವು ಮುಚ್ಚಿದ ಪೊಟ್ಟಣ ಮುಂದಿಟ್ಟರೆ, ಊರವರು ಆಡಿದ್ದೇ ನಿಜ ಎಂದು ನೀವೇ ಡಂಗುರ ಹೊಡೆದ ಹಾಗೆ. ಸತ್ತು ಬದುಕಿ ಬಂದವಳು ನಾನು. ತಿನ್ನುವುದೋ ಬಿಡುವುದೋ ನಾನು ಹೇಳಬೇಕು.

ಸ್ವಾತಂತ್ರ್ಯದ ಹಬ್ಬಕ್ಕೆ, ಹದಿನೇಳರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅಮಾದೋರ್ ಬರುವುದಿಲ್ಲ. ರಜೆ ಇಲ್ಲ ಎನ್ನುತ್ತಾರೆ. ರಜೆ ಇದೆ. ನಿಮ್ಮ ಮುಂದೆ ನಿಲ್ಲಲು ಅವರಿಗೆ ನಾಚಿಕೆ. ನಾನು ಬಂದು ದಾರಿ ಮಾಡುತ್ತೇನೆ.

ಕೋಳಿ ಸಾರು ಮಾಡಿ. ಅಣಬೆ ಮಾತ್ರ ಈ ಜನ್ಮಕ್ಕೆ ಬೇಡ.

ನೋಯೆಲಿಯಾ


ಲೋಮಾ ಎಸ್ಪೆಸಾ
18 ಸೆಪ್ಟೆಂಬರ್ 2006

ಅಮಾದೋರ್,

ನಿನ್ನ ಹೆಂಡತಿ ನಿನ್ನೆ ಬಂದಳು. ಬಸ್ಸಿನಿಂದ ಇಳಿದವಳು ನೇರ ಮನೆಗೆ ಬರಬಾರದೇ? ಹೆರ್ಮಿಂದಾಳ ಅಂಗಡಿಗೆ ನುಗ್ಗಿ, ಹಬ್ಬದ ಸಾಮಾನಿಗೆ ನಿಂತಿದ್ದ ಜನರ ಮುಂದೆ, "ನಮ್ಮತ್ತೆ ಕೈ ಅಡುಗೆ ಊಟ ಮಾಡೋಕೆ ಬಂದಿದ್ದೀನಿ. ಯಾರಾದ್ರೂ ಬರ್ತೀರಾ?" ಎಂದು ಕೇಳಿದಳಂತೆ. ಎಲ್ಲರೂ ತಮ್ಮ ತಮ್ಮ ಚೀಲ ಕಟ್ಟತೊಡಗಿದರಂತೆ. ಹೆರ್ಮಿಂದಾ ಮಾತ್ರ ಅಂಗಡಿಗೆ ಬೀಗ ಹಾಕಿ ಹಿಂದೆಯೇ ಬಂದಳು. ಅಕ್ಕರೆಗೋ ಕುತೂಹಲಕ್ಕೋ, ಅವಳಿಗೇ ಗೊತ್ತು.

ನಾನು ಕೋಳಿ ಕೊಯ್ದಿದ್ದೆ. ಐದು ತಿಂಗಳ ಮೇಲೆ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟಿದ್ದೆ. ಎಲ್ಲವನ್ನೂ ಮೂರು ಮೂರು ಸಲ ತೊಳೆದೆ, ಆಲೂಗೆಡ್ಡೆ, ಕುಂಬಳಕಾಯಿ, ಕೊತ್ತಂಬರಿಯ ಒಂದೊಂದು ಎಸಳು. ಬಡಿಸುವಾಗ ಸೌಟು ಅಂಚಿಗೆ ಕಟಕಟ ಬಡಿಯುತ್ತಿತ್ತು. ನೋಯೆಲಿಯಾ ಸೌಟು ಹಿಡಿದ ನನ್ನ ಕೈಯನ್ನು ಹಿಡಿದುಕೊಂಡು, ತನ್ನ ತಟ್ಟೆಗೆ ತುಂಬಿಸಿಕೊಂಡಳು. ಆಮೇಲೆ ಹೆರ್ಮಿಂದಾಳಿಗೆ ಕುರ್ಚಿ ಎಳೆದು, "ಕೂತ್ಕೊಳ್ಳಿ ಚಿಕ್ಕಮ್ಮ. ನಂಗೇನಾದ್ರೂ ಆದ್ರೆ ಸಾಕ್ಷಿಗೆ ಒಬ್ಬರು ಬೇಕಲ್ಲ" ಎಂದಳು. ಹೆರ್ಮಿಂದಾಳ ಮುಖ ಕೆಂಪಗಾಯಿತು. ಕೂತಳು. ಸ್ವಲ್ಪ ಹೊತ್ತಿಗೆ ತಾನೂ ಒಂದು ತಟ್ಟೆ ತೆಗೆದುಕೊಂಡಳು. "ನಿನ್ನ ಕೈ ರುಚಿ ಹಾಗೇ ಇದೆ ಕಣೇ" ಎಂದು ತಟ್ಟೆ ನೋಡಿಕೊಂಡೇ ಹೇಳಿದಳು. ಅವಳನ್ನು ಇನ್ನೂ ಒಂದು ವರ್ಷ ಕ್ಷಮಿಸುವುದಿಲ್ಲ ಎಂದುಕೊಂಡಿದ್ದೇನೆ, ನೋಡೋಣ.

ಊಟವೇನೋ ಆಯಿತು. ಆದರೆ ನನಗೆ ಗೊತ್ತಲ್ಲ, ವಿಷ ಉಂಡ ಕೂಡಲೇ ತೋರಿಸಿಕೊಳ್ಳುವುದಿಲ್ಲ. ಆ ಶುಕ್ರವಾರವೂ ಅವಳು ನಗುನಗುತ್ತಲೇ ಮಲಗಿದ್ದಳು, ವಾಂತಿ ಶುರುವಾದದ್ದು ಬೆಳಗಿನ ಜಾವ. ಕೋಳಿ ಸಾರಿನಲ್ಲಿ ಏನಿರುತ್ತದೆ ಎಂದು ನನ್ನ ತಲೆ ಹೇಳುತ್ತಿತ್ತು, ಎದೆ ಕೇಳಲಿಲ್ಲ. ಅವಳ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ಅವಳ ಉಸಿರು ಕೇಳುತ್ತ ಕೂತೆ.

ಬೆಳಕಾದ ಮೇಲೆ ಬಾಗಿಲು ತೆರೆಯಿತು. ಕೂದಲು ಕೆದರಿಕೊಂಡು ನಿಂತಿದ್ದಳು.

"ಅತ್ತೆ, ರಾತ್ರಿಯೆಲ್ಲ ಆ ಕುರ್ಚಿ ಕಿರ್ ಕಿರ್ ಅಂತಿತ್ತು. ನೀವೂ ಮಲಗಲಿಲ್ಲ, ನನ್ನನ್ನೂ ಮಲಗಿಸಲಿಲ್ಲ."

"ಹೊಟ್ಟೆ ಹೇಗಿದೆ?" ಎಂದೆ.

"ಖಾಲಿ ಇದೆ."

ನಾನು ಕುರ್ಚಿಯಿಂದ ಏಳಲಾರದೆ ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ ಮಗನೇ. ನಿನ್ನ ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅವಳು ನನ್ನ ಕಾಲ ಬಳಿ ನೆಲದ ಮೇಲೆ ಕೂತು, ನನ್ನ ಅಳು ಮುಗಿಯುವವರೆಗೂ ಕಾದಳು. ಆಮೇಲೆ ಕೇಳಿದಳು: "ನಿನ್ನೆ ಸಾರು ಉಳಿದಿದೆಯಾ? ಅದನ್ನೇ ಬಿಸಿ ಮಾಡಿ."

ಬಾ.

ಅಮ್ಮ